ಓದಿದ ಪುಸ್ತಕದ ಬಗ್ಗೆ ಬರೆಯುವ ಬಗೆ: ಅಂಚಿನ ಗೆರೆಯಿಂದ ಲೇಖನದವರೆಗೆ

ಪುಸ್ತಕ ಮುಗಿಸಿ ಎರಡು ತಿಂಗಳಾದ ಮೇಲೆ ಅದರ ಬಗ್ಗೆ ಬರೆಯಲು ಕೂತವರ ಕೈಯಲ್ಲಿ ಸಾಮಾನ್ಯವಾಗಿ ಉಳಿದಿರುವುದು ಒಂದು ಅಭಿಪ್ರಾಯ ಮಾತ್ರ. ಚೆನ್ನಾಗಿದೆ, ನಡುವೆ ಎಳೆದಿದ್ದಾರೆ, ಕೊನೆಯ ಅಧ್ಯಾಯದಲ್ಲಿ ಅವಸರಪಟ್ಟಿದ್ದಾರೆ. ಆ ಅಭಿಪ್ರಾಯ ಯಾವ ಪುಟದಲ್ಲಿ, ಯಾವ ಮಾತಿನಿಂದ ಹುಟ್ಟಿತು ಎಂದು ಯಾರಾದರೂ ಕೇಳಿದರೆ ಉತ್ತರವಿರುವುದಿಲ್ಲ. ಅಭಿಪ್ರಾಯ ಉಳಿದು ಆಧಾರ ಕಳೆದುಹೋಗಿರುತ್ತದೆ. ಓದಿನ ಬಗೆಗಿನ ಬರಹಗಳು ಸಪ್ಪೆಯಾಗಲು ಬಹುಮಟ್ಟಿಗೆ ಇದೇ ಕಾರಣ.

ಹಾಗಾಗಿ ಬರೆಯುವ ಕೆಲಸ ಓದುತ್ತಿರುವಾಗಲೇ ಶುರುವಾಗಬೇಕು. ಲೇಖಕರು ಹೇಳಿದ್ದೇನು, ಅದನ್ನು ಓದಿ ನಿಮಗೆ ಅನಿಸಿದ್ದೇನು, ಅದು ಇರುವುದು ಎಲ್ಲಿ ಎಂಬ ಮೂರು ಸಂಗತಿಗಳು ಒಂದರೊಳಗೊಂದು ಕಲೆಯದಂತೆ ನೋಡಿಕೊಂಡರೆ ಉಳಿದದ್ದು ಅಷ್ಟೇನೂ ಕಷ್ಟವಲ್ಲ. ಮುಂದೆ ಹೇಳುವ ಕ್ರಮಗಳೆಲ್ಲ ಈ ಮೂರನ್ನು ಬೇರೆಬೇರೆಯಾಗಿ ಇಟ್ಟುಕೊಳ್ಳುವ ಉಪಾಯಗಳೇ.

ಎಲ್ಲಕ್ಕಿಂತ ಕಡಿಮೆ ಶ್ರಮದ ಉಪಾಯ 16ನೇ ಶತಮಾನದ ಫ್ರೆಂಚ್ ಪ್ರಬಂಧಕಾರ ಮಾಂಟೇನ್‌ನದು. ತನ್ನ ನೆನಪಿನ ಶಕ್ತಿ ತೀರ ದುರ್ಬಲ ಎಂದು ಅವನು ಹೇಳಿಕೊಂಡಿದ್ದಾನೆ. ಕೆಲವು ವರ್ಷಗಳ ಹಿಂದೆ ಗಮನವಿಟ್ಟು ಓದಿ, ಅಂಚಿನ ತುಂಬ ಗೀಚಿದ್ದ ಪುಸ್ತಕವನ್ನೇ ಹೊಸದೆಂದು ತಿಳಿದು ಮತ್ತೆ ಕೈಗೆತ್ತಿಕೊಂಡದ್ದು ಒಂದೆರಡು ಸಲವಲ್ಲ. ಅದಕ್ಕಾಗಿ ಪ್ರತಿ ಪುಸ್ತಕದ ಕೊನೆಯಲ್ಲಿ ಓದಿ ಮುಗಿಸಿದ ಕಾಲವನ್ನೂ ಒಟ್ಟಾರೆ ತನಗೆ ಕಂಡದ್ದನ್ನೂ ಬರೆದಿಡುವ ರೂಢಿ ಮಾಡಿಕೊಂಡ. ಇಟಲಿಯ ಇತಿಹಾಸಕಾರ ಗ್ವಿಚಾರ್ದೀನಿಯ ಬಗ್ಗೆ ಹಾಗೆ ಬರೆದಿಟ್ಟ ಟಿಪ್ಪಣಿಯನ್ನು ಅವನು ಪುಸ್ತಕಗಳ ಕುರಿತ ತನ್ನ ಪ್ರಬಂಧದಲ್ಲಿ ಕೊಟ್ಟಿದ್ದಾನೆ. ಅದರಲ್ಲಿರುವ ಒಂದು ಗಮನಿಕೆ ಇದು: ಅಷ್ಟೊಂದು ಮಂದಿಯ ಅಷ್ಟೊಂದು ಕೆಲಸಗಳನ್ನು ತೂಗಿ ನೋಡುವ ಈ ಇತಿಹಾಸಕಾರ ಒಂದೇ ಒಂದು ಕೆಲಸದ ಹಿಂದೆಯೂ ಸದ್ಗುಣ, ಧರ್ಮ, ಆತ್ಮಸಾಕ್ಷಿ ಇತ್ತೆಂದು ಹೇಳುವುದಿಲ್ಲ. ಇದು ತೀರ್ಪೂ ಹೌದು, ಪುಸ್ತಕ ತೆರೆದು ಯಾರು ಬೇಕಾದರೂ ಪರೀಕ್ಷಿಸಬಹುದಾದ ಸಂಗತಿಯೂ ಹೌದು. ನಿಮ್ಮ ಟಿಪ್ಪಣಿಯ ಗುರಿ ಇಂಥ ವಾಕ್ಯ. ದಿನಕ್ಕೆ ಐದೇ ನಿಮಿಷ ಸಿಗುವವರು ಇದೊಂದನ್ನು ಮಾಡಿದರೂ ಸಾಕು: ಕೊನೆಯ ಖಾಲಿ ಹಾಳೆಯಲ್ಲಿ ದಿನಾಂಕ, ನಾಲ್ಕು ವಾಕ್ಯ, ಅವುಗಳಲ್ಲಿ ಒಂದಾದರೂ ಪರೀಕ್ಷಿಸಬಹುದಾದದ್ದು.

ಓದುವ ಮೊದಲು

ಎರಡು ಕೆಲಸಗಳಿವೆ, ಎರಡೂ ಸೇರಿ ಹತ್ತು ನಿಮಿಷ.

ಮೊದಲನೆಯದು ಆವೃತ್ತಿಯ ವಿವರ. ಶೀರ್ಷಿಕೆ ಪುಟದ ಹಿಂಬದಿಯಲ್ಲಿ ಮೊದಲ ಮುದ್ರಣದ ವರ್ಷ, ಈಗಿನ ಮುದ್ರಣದ ವರ್ಷ, ಪ್ರಕಾಶಕರು, ಅನುವಾದವಾದರೆ ಅನುವಾದಕರ ಹೆಸರು ಇರುತ್ತವೆ. ಎಲ್ಲವನ್ನೂ ಬರೆದುಕೊಳ್ಳಿ. ಬರಿಯ ಮರುಮುದ್ರಣವಾದರೆ ಪುಟಸಂಖ್ಯೆ ಸಾಮಾನ್ಯವಾಗಿ ಬದಲಾಗುವುದಿಲ್ಲ. ಅಕ್ಷರ ಮತ್ತೆ ಜೋಡಿಸಿದ ಹೊಸ ಆವೃತ್ತಿಯಾದರೆ ಬದಲಾಗುತ್ತದೆ. ಆವೃತ್ತಿ ಬರೆದಿಡದ ಪುಟಸಂಖ್ಯೆ ಒಂದೆರಡು ವರ್ಷದಲ್ಲಿ ನಿಮಗೇ ಉಪಯೋಗಕ್ಕೆ ಬರುವುದಿಲ್ಲ. ಹಳೆಯ ಕೃತಿಗಳಿಗೆ ಪುಟಸಂಖ್ಯೆಗಿಂತ ಗಟ್ಟಿಯಾದ ಗುರುತುಗಳಿವೆ. ಪ್ಲೇಟೋ ಕೃತಿಗಳ ಅಂಚಿನಲ್ಲಿ ಕಾಣುವ ಸಂಖ್ಯೆಗಳು 1578ರ ಸ್ಟೆಫಾನಸ್ ಆವೃತ್ತಿಯವು. ಅರಿಸ್ಟಾಟಲನ ಕೃತಿಗಳಲ್ಲಿರುವುವು 1831ರಲ್ಲಿ ಹೊರಬರತೊಡಗಿದ ಬೆಕ್ಕರ್ ಆವೃತ್ತಿಯವು. ಭಾಷೆ ಯಾವುದಾದರೂ ಅನುವಾದ ಯಾರದಾದರೂ ಇವು ಬದಲಾಗುವುದಿಲ್ಲ. ಕಾವ್ಯಕ್ಕೆ ಸರ್ಗ, ಪದ್ಯಗಳ ಸಂಖ್ಯೆ ಹಾಕಿ. ಇ-ಪುಸ್ತಕದಲ್ಲಿ ಅಕ್ಷರದ ಗಾತ್ರ ಬದಲಿಸಿದರೆ ಪುಟವೇ ಬದಲಾಗಬಹುದು, ಆದ್ದರಿಂದ ಅಧ್ಯಾಯದ ಸಂಖ್ಯೆಯ ಜೊತೆಗೆ ಹುಡುಕಲು ಅನುಕೂಲವಾಗುವಂತೆ ಆ ವಾಕ್ಯದ ನಾಲ್ಕೈದು ಪದಗಳನ್ನು ಬರೆದುಕೊಳ್ಳಿ. ಪಿಡಿಎಫ್‌ನಲ್ಲಿ ಕಡತ ತೋರಿಸುವ ಸಂಖ್ಯೆಗೂ ಪುಟದ ಮೇಲೆ ಅಚ್ಚಾದ ಸಂಖ್ಯೆಗೂ ಮುನ್ನುಡಿ, ಪರಿವಿಡಿಗಳಷ್ಟು ಅಂತರವಿರುತ್ತದೆ. ಅಚ್ಚಾದ ಸಂಖ್ಯೆಯನ್ನೇ ಬಳಸಿ.

ಎರಡನೆಯ ಕೆಲಸವನ್ನು ಹೆಚ್ಚಿನವರು ಬಿಟ್ಟುಬಿಡುತ್ತಾರೆ, ಬಿಟ್ಟದ್ದರ ನಷ್ಟ ಕೊನೆಯಲ್ಲಿ ಗೊತ್ತಾಗುತ್ತದೆ. ಪರಿವಿಡಿ ಮತ್ತು ಪೀಠಿಕೆಯನ್ನು ನೋಡಿ ಮೂರು ಸಾಲು ಬರೆಯಿರಿ: ಈ ಪುಸ್ತಕವನ್ನು ಏಕೆ ಓದುತ್ತಿದ್ದೀರಿ, ಈ ವಿಷಯದಲ್ಲಿ ಈಗ ನಿಮ್ಮ ನಂಬಿಕೆ ಏನು, ಪುಸ್ತಕ ಏನು ಹೇಳಬಹುದೆಂದು ಊಹಿಸುತ್ತೀರಿ. ಓದಿದ ಮೇಲೆ ಮನಸ್ಸು ಹೊಸದನ್ನೆಲ್ಲ ಮೊದಲೇ ಗೊತ್ತಿದ್ದದ್ದು ಎಂಬಂತೆ ಸೇರಿಸಿಕೊಂಡುಬಿಡುತ್ತದೆ. ಈ ಮೂರು ಸಾಲು ಕಣ್ಣೆದುರು ಇದ್ದರೆ ಪುಸ್ತಕ ನಿಮ್ಮನ್ನು ಎಲ್ಲಿ ಕದಲಿಸಿತು ಎಂದು ತೋರಿಸಬಹುದು, ಮತ್ತು ವೈಯಕ್ತಿಕ ಚಿಂತನೆಯ ಬರಹದಲ್ಲಿ ಓದುಗರು ಹುಡುಕುವುದು ಅದನ್ನೇ.

ಗೆರೆ ಎಳೆಯುವುದರಲ್ಲಿ ಸಂಯಮ

ಎಚ್‌ಬಿ ಅಥವಾ 2ಬಿ ಪೆನ್ಸಿಲ್ ಸಾಕು. ಇದಕ್ಕಿಂತ ಗಟ್ಟಿಯಾದದ್ದು ಕಾಗದದ ಮೇಲೆ ಅಳಿಸಲಾಗದ ತಗ್ಗು ಬಿಡುತ್ತದೆ, ಹೆಚ್ಚು ಮೆತ್ತಗಿನದು ಎದುರು ಪುಟಕ್ಕೆ ಮಸಿ ಬಳಿಯುತ್ತದೆ. ಸಾಲಿನ ಕೆಳಗೆ ಗೆರೆ ಎಳೆಯುವ ಬದಲು ಅಂಚಿನಲ್ಲಿ ಉದ್ದಗೆರೆ ಎಳೆಯಿರಿ. ವೇಗವೂ ಹೆಚ್ಚು, ಪುಟವೂ ಕೆಡುವುದಿಲ್ಲ. ಗುರುತುಗಳು ನಾಲ್ಕಕ್ಕಿಂತ ಹೆಚ್ಚು ಬೇಡ: ಮುಖ್ಯ ವಾದಕ್ಕೆ ಉದ್ದಗೆರೆ, ಅರ್ಥವಾಗದ್ದಕ್ಕೆ ಪ್ರಶ್ನೆ ಚಿಹ್ನೆ, ಒಪ್ಪದ್ದಕ್ಕೆ ಗುಣಕದ ಚಿಹ್ನೆ, ಉದ್ಧರಿಸಬೇಕಾದ ಮಾತಿಗೆ ಸಣ್ಣ ವೃತ್ತ. ಹತ್ತು ಬಗೆಯ ಗುರುತು ಮಾಡಿಕೊಂಡವರು ಮೂರನೆಯ ಅಧ್ಯಾಯದ ಹೊತ್ತಿಗೆ ಯಾವುದಕ್ಕೆ ಯಾವುದು ಎಂದು ಮರೆತಿರುತ್ತಾರೆ.

ಬಣ್ಣ ಹಚ್ಚುವ ಹೈಲೈಟರ್ ಈ ಕೆಲಸಕ್ಕೆ ಒಗ್ಗುವುದಿಲ್ಲ. ಯಾವ ಸಾಲು ಗಮನ ಸೆಳೆಯಿತು ಎಂಬುದನ್ನಷ್ಟೇ ಅದು ಹೇಳುತ್ತದೆ, ಏಕೆ ಎಂಬುದನ್ನಲ್ಲ. ಅದನ್ನು ಹಿಡಿದ ಕೈ ಪುಟದ ಅರ್ಧಭಾಗಕ್ಕೆ ಬಣ್ಣ ಬಳಿಯದೆ ಬಿಡುವುದೂ ಅಪರೂಪ. ಪುಟಕ್ಕೆ ಎರಡಕ್ಕಿಂತ ಹೆಚ್ಚು ಗುರುತು ಬೀಳುತ್ತಿದ್ದರೆ ನಿಲ್ಲಿಸಿ, ಆ ಪುಟದ ವಾದವನ್ನು ಒಂದು ವಾಕ್ಯದಲ್ಲಿ ಹೇಳಲು ಆಗುತ್ತದೆಯೇ ನೋಡಿ. ಬಹಳ ಸಲ ಅರ್ಥವಾಗದ ಕಡೆಯಲ್ಲೇ ಗೆರೆಗಳು ಹೆಚ್ಚುತ್ತವೆ.

ಗ್ರಂಥಾಲಯದ ಪುಸ್ತಕದಲ್ಲಿ ಗೆರೆ ಎಳೆಯಬಾರದು. ಸುಮಾರು 2 ಸೆಂ.ಮೀ. ಅಗಲದ ಕಾಗದದ ಪಟ್ಟಿಗಳನ್ನು ಕತ್ತರಿಸಿಟ್ಟುಕೊಂಡು, ಪುಟಸಂಖ್ಯೆ ಮತ್ತು ಮೂರು ಪದ ಬರೆದು, ಆ ಪುಟದಲ್ಲೇ ಸಿಕ್ಕಿಸಿ. ಅಂಟು ಚೀಟಿ ಬೇಡ. ಕಿತ್ತ ಮೇಲೂ ಅಂಟಿನ ಪದರ ಉಳಿದು ಧೂಳು ಹಿಡಿಯುತ್ತದೆ, ಹಳೆಯ ಕಾಗದವಾದರೆ ಅಕ್ಷರವೇ ಎದ್ದು ಬರಬಹುದು.

ಸ್ವಂತ ಪುಸ್ತಕವಾದರೆ ಕೊನೆಯ ಖಾಲಿ ಹಾಳೆಯಲ್ಲಿ ನಿಮ್ಮದೇ ಪದಸೂಚಿ ಬೆಳೆಸಿ: ಒಂದು ಸಾಲಿಗೆ ಒಂದು ಪುಟಸಂಖ್ಯೆ, ಎದುರಿಗೆ ನಾಲ್ಕೈದು ಪದ. ಡಾರ್ವಿನ್ ತನ್ನ ಕೆಲಸಕ್ಕೆ ಬೇಕಾದ ಸಂಗತಿಗಳ ಸೂಚಿಯನ್ನು ಪುಸ್ತಕಗಳ ಕೊನೆಯಲ್ಲಿ ಹೀಗೆಯೇ ಮಾಡಿಕೊಳ್ಳುತ್ತಿದ್ದ. ಹೊಸ ವಿಷಯ ಕೈಗೆತ್ತಿಕೊಳ್ಳುವ ಮುಂಚೆ ಆ ಸೂಚಿಗಳನ್ನೆಲ್ಲ ತಿರುವಿ ನೋಡುತ್ತಿದ್ದ. ಅವನ ಇನ್ನೊಂದು ನಿಯಮ ಇದಕ್ಕಿಂತ ಮುಖ್ಯ. ತನ್ನ ತೀರ್ಮಾನಕ್ಕೆ ವಿರುದ್ಧವಾದ ಸಂಗತಿಯೋ ಯೋಚನೆಯೋ ಕಣ್ಣಿಗೆ ಬಿದ್ದರೆ ತಕ್ಷಣ ಬರೆದಿಡುತ್ತಿದ್ದ, ಏಕೆಂದರೆ ಅನುಕೂಲವಾದವುಗಳಿಗಿಂತ ಅಂಥವು ಬೇಗ ಮರೆತುಹೋಗುತ್ತವೆ ಎಂದು ಅನುಭವದಿಂದ ಕಂಡುಕೊಂಡಿದ್ದ. ನಿಮ್ಮ ಸೂಚಿಯಲ್ಲೂ ನಿಮ್ಮ ಅಭಿಪ್ರಾಯಕ್ಕೆ ಎದುರು ನಿಲ್ಲುವ ಪುಟಗಳಿಗೆ ಬೇರೆ ಗುರುತು ಹಾಕಿ, ಮತ್ತು ಅವುಗಳನ್ನು ಅಂದೇ ಬರೆಯಿರಿ. ನಾಳೆಗೆ ಬಿಟ್ಟರೆ ಮೊದಲು ಹೋಗುವುದು ಅವೇ.

ಪುಸ್ತಕ ಮುಚ್ಚಿ ಬರೆಯುವುದು

ಇಡೀ ಕ್ರಮದಲ್ಲಿ ಒಂದನ್ನು ಮಾತ್ರ ಉಳಿಸಿಕೊಳ್ಳಿ ಎಂದರೆ ಇದನ್ನು ಉಳಿಸಿಕೊಳ್ಳಬೇಕು. ಒಂದು ಅಧ್ಯಾಯ ಅಥವಾ 25-30 ಪುಟ ಮುಗಿದ ಕೂಡಲೇ ಪುಸ್ತಕ ಮುಚ್ಚಿ, ನೆನಪಿನಿಂದ ಐದಾರು ವಾಕ್ಯ ಬರೆಯಿರಿ. ಲೇಖಕರು ಯಾವ ಪ್ರಶ್ನೆ ಎತ್ತಿಕೊಂಡರು, ಏನೆಂದು ಉತ್ತರಿಸಿದರು, ಅದಕ್ಕೆ ಕೊಟ್ಟ ಆಧಾರ ಯಾವುದು, ಎಲ್ಲಿ ನಿಮಗೆ ಸಂಶಯ ಬಂತು. ಐದರಿಂದ ಎಂಟು ನಿಮಿಷ ಹಿಡಿಯುತ್ತದೆ. ಆಮೇಲೆ ಪುಸ್ತಕ ತೆರೆದು, ಬೇರೆ ಬಣ್ಣದ ಪೆನ್ನಿನಿಂದ ತಿದ್ದಿ, ಪುಟಸಂಖ್ಯೆ ಸೇರಿಸಿ.

ತೆರೆದ ಪುಸ್ತಕ ಪಕ್ಕದಲ್ಲಿಟ್ಟುಕೊಂಡು ಬರೆದರೆ ಕೈ ತಾನಾಗಿ ಲೇಖಕರ ಪದಗಳನ್ನೇ ನಕಲು ಮಾಡುತ್ತದೆ. ಬರೆದದ್ದು ಅರ್ಥವಾದದ್ದರಂತೆ ಕಾಣುತ್ತದೆ, ಆದರೆ ಅದು ಕಣ್ಣಿನಿಂದ ಕೈಗೆ ಹೋದದ್ದು ಅಷ್ಟೇ. ಅಮೆರಿಕದ ಮನಶ್ಶಾಸ್ತ್ರಜ್ಞರಾದ ರೋಡಿಗರ್ ಮತ್ತು ಕಾರ್ಪಿಕಿ 2006ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ವಿದ್ಯಾರ್ಥಿಗಳು ಚಿಕ್ಕ ಗದ್ಯಭಾಗಗಳನ್ನು ಓದಿದರು. ಕೆಲವನ್ನು ಮತ್ತೆ ಓದಿದರು, ಕೆಲವನ್ನು ನೋಡದೆ ನೆನಪಿನಿಂದ ಬರೆದರು. ಐದು ನಿಮಿಷದ ನಂತರ ಪರೀಕ್ಷಿಸಿದಾಗ ಮತ್ತೆ ಓದಿದ್ದೇ ಹೆಚ್ಚು ಫಲ ಕೊಟ್ಟಿತ್ತು. ಎರಡು ದಿನ ಮತ್ತು ಒಂದು ವಾರದ ನಂತರ ನೋಡಿದರೆ ನೆನಪಿನಿಂದ ಬರೆದದ್ದು ಸ್ಪಷ್ಟವಾಗಿ ಮುಂದಿತ್ತು. ಓದಿದ ಕೂಡಲೇ ಎಲ್ಲ ಗೊತ್ತಾಗಿದೆ ಎನ್ನಿಸುವ ಭರವಸೆಯನ್ನು ನಂಬಿ ಟಿಪ್ಪಣಿ ಬಿಡಬಾರದು ಎನ್ನುವುದು ಇದಕ್ಕೇ.

ಬೇರೆ ಬಣ್ಣದಲ್ಲಿ ಮಾಡಿದ ತಿದ್ದುಪಡಿಗಳನ್ನು ಗಮನವಿಟ್ಟು ನೋಡಿ, ಅಲ್ಲೇ ನಿಮ್ಮ ಮುಂದಿನ ಲೇಖನದ ಬೀಜ ಇರುವುದುಂಟು. ತಪ್ಪುಗಳು ಮೂರು ಬಗೆಯವು. ಲೇಖಕರು ‘ಕೆಲವು ಸಂದರ್ಭಗಳಲ್ಲಿ’, ‘ಬಹುಶಃ’ ಎಂದದ್ದನ್ನು ನೆನಪು ‘ಯಾವಾಗಲೂ’ ಎಂದು ಮಾಡಿರುತ್ತದೆ. ಇದು ಎಲ್ಲಕ್ಕಿಂತ ಸಾಮಾನ್ಯ. ಲೇಖಕರು ಬೇರೆಯವರ ವಾದವೆಂದು ಹೇಳಿ ಖಂಡಿಸಿದ್ದನ್ನು ನೆನಪು ಲೇಖಕರದ್ದೇ ವಾದ ಮಾಡಿರುತ್ತದೆ, ಇದು ಅಪಾಯಕಾರಿ. ಮೂರನೆಯದರಲ್ಲಿ, ಪುಸ್ತಕದಲ್ಲಿ ಇಲ್ಲವೇ ಇಲ್ಲದ ಒಂದು ಕೊಂಡಿಯನ್ನು ನೀವೇ ಸೇರಿಸಿರುತ್ತೀರಿ. ಆ ಕೊಂಡಿಯನ್ನು ಹೊಡೆದುಹಾಕಬೇಡಿ. ಅದು ನಿಮ್ಮ ಯೋಚನೆ. ‘ಇದು ಪುಸ್ತಕದಲ್ಲಿಲ್ಲ, ನನ್ನದು’ ಎಂದು ಬರೆದು ಬೇರೆ ಚೀಟಿಗೆ ಸಾಗಿಸಿ.

ನೆನಪಿನಿಂದ ಎರಡೇ ವಾಕ್ಯ ಬಂದರೆ ಅಧ್ಯಾಯ ಅರ್ಥವಾಗಿಲ್ಲ ಎಂದೇ ತಿಳಿಯಬೇಕಿಲ್ಲ, ಅಧ್ಯಾಯದಲ್ಲಿ ಅಷ್ಟೇ ಸರಕು ಇದ್ದಿರಬಹುದು. ಪರೀಕ್ಷೆ ಹೀಗೆ: ಅಧ್ಯಾಯದ ಮೊದಲ ಎರಡು ಪ್ಯಾರಾ ಮತ್ತು ಕೊನೆಯ ಎರಡು ಪ್ಯಾರಾ ಮತ್ತೆ ಓದಿ. ನಿಮ್ಮ ಎರಡು ವಾಕ್ಯ ಅವುಗಳ ಜೊತೆ ಹೊಂದಿದರೆ ಮುಂದೆ ಹೋಗಿ. ಹೊಂದದಿದ್ದರೆ ಎಲ್ಲಿ ದಾರಿ ತಪ್ಪಿತು ಎಂದು ಹಿಂದಕ್ಕೆ ಹುಡುಕಿ, ಆ ಪುಟಸಂಖ್ಯೆ ಬರೆಯಿರಿ. ‘112ರವರೆಗೆ ಗೊತ್ತಾಗುತ್ತದೆ, 113ರಲ್ಲಿ ಹೊಸ ಪರಿಭಾಷೆ ವಿವರಣೆ ಇಲ್ಲದೆ ಬರುತ್ತದೆ’ ಎಂಬ ಟಿಪ್ಪಣಿಗೆ ‘ಕಠಿಣವಾದ ಪುಸ್ತಕ’ ಎಂಬುದಕ್ಕಿಂತ ಎಷ್ಟೋ ಬೆಲೆಯಿದೆ.

ಯಾರ ಮಾತು ಯಾರದು

ಟಿಪ್ಪಣಿಯಲ್ಲಿ ಮೂರು ದನಿಗಳಿಗೆ ಮೂರು ಬಗೆಯ ಬರವಣಿಗೆ ಗೊತ್ತುಮಾಡಿಕೊಂಡು ಎಂದೂ ಬದಲಿಸಬೇಡಿ. ಲೇಖಕರ ಪದಗಳೇ ಆದರೆ ಜೋಡಿ ಉದ್ಧರಣ ಚಿಹ್ನೆ, ಪುಟಸಂಖ್ಯೆ. ಲೇಖಕರ ವಿಚಾರ ನಿಮ್ಮ ಪದಗಳಲ್ಲಿ ಆದರೆ ಚಿಹ್ನೆ ಇಲ್ಲ, ಪುಟಸಂಖ್ಯೆ ಇದೆ. ನಿಮ್ಮ ಯೋಚನೆಯಾದರೆ ಚೌಕ ಆವರಣದೊಳಗೆ, ಪುಟಸಂಖ್ಯೆ ಇಲ್ಲ. ಚಿಹ್ನೆಯನ್ನು ಆಮೇಲೆ ಹಾಕಿದರಾಯಿತು ಎಂದು ಬಿಟ್ಟ ಉದ್ಧರಣೆ ಆರು ತಿಂಗಳ ನಂತರ ನಿಮ್ಮದೇ ಚೆಂದದ ವಾಕ್ಯವಾಗಿ ಕಾಣಿಸುತ್ತದೆ. ಉದ್ದೇಶವಿಲ್ಲದೆಯೂ ಕೃತಿಚೌರ್ಯ ನಡೆದುಹೋಗುವ ದಾರಿ ಇದೇ.

ಉದ್ಧರಣೆ ಬರೆದುಕೊಂಡ ಮೇಲೆ ಮೂಲದ ಜೊತೆ ಪದಪದವಾಗಿ ಹೋಲಿಸಿ, ಸಾಧ್ಯವಾದರೆ ಕೊನೆಯ ಪದದಿಂದ ಹಿಂದಕ್ಕೆ. ಹಿಂದಕ್ಕೆ ಓದುವಾಗ ಅರ್ಥದ ಸೆಳೆತ ಇರುವುದಿಲ್ಲ, ಬಿಟ್ಟುಹೋದ ‘ಅಲ್ಲ’, ‘ಮಾತ್ರ’, ‘ಕೂಡ’ ಕಣ್ಣಿಗೆ ಬೀಳುತ್ತವೆ. ನಡುವೆ ಬಿಟ್ಟ ಭಾಗಕ್ಕೆ ಮೂರು ಚುಕ್ಕಿ ಹಾಕಿ, ಆದರೆ ಬಿಟ್ಟದ್ದರಲ್ಲಿ ಲೇಖಕರ ಷರತ್ತು ಇದ್ದರೆ ಬಿಡಬೇಡಿ. ಮೂಲದಲ್ಲಿ ಅಚ್ಚಿನ ತಪ್ಪಿದ್ದರೆ ಹಾಗೇ ಇಟ್ಟು ಪಕ್ಕದಲ್ಲಿ ಸೂಚಿಸಿ. ಉದ್ಧರಿಸುವ ವಾಕ್ಯ ಒಂದು ಪುಟದಲ್ಲಿ ಶುರುವಾಗಿ ಮುಂದಿನದರಲ್ಲಿ ಮುಗಿದರೆ ಪುಟ ಒಡೆಯುವ ಜಾಗದಲ್ಲಿ ಓರೆಗೆರೆ ಹಾಕಿ. ಮುಂದೆ ಅದರ ಅರ್ಧವನ್ನಷ್ಟೇ ಬಳಸುವಾಗ ಯಾವ ಪುಟ ಎಂದು ಗೊತ್ತಿರುತ್ತದೆ. ಪುಸ್ತಕದೊಳಗೆ ಇನ್ನೊಬ್ಬರ ಮಾತು ಉದ್ಧೃತವಾಗಿದ್ದರೆ, ಮೂಲ ನೋಡುವವರೆಗೆ ‘ಇಂಥವರು ಉದ್ಧರಿಸಿದಂತೆ’ ಎಂದೇ ಬರೆಯಬೇಕು.

ನಮ್ಮ ವಾಕ್ಯರಚನೆಯಲ್ಲಿ ಇನ್ನೊಂದು ಎಚ್ಚರ ಬೇಕು. ‘ಎನ್ನುತ್ತಾರೆ’, ‘ಎಂಬುದು ಅವರ ವಾದ’ ಎಂಬುದು ವಾಕ್ಯದ ಕೊನೆಗೆ ಬರುತ್ತದೆ. ಲೇಖಕರ ವಾದವನ್ನು ಏಳೆಂಟು ಸಾಲು ಹೇಳಿ ಕೊನೆಯಲ್ಲಿ ಒಮ್ಮೆ ‘ಎನ್ನುತ್ತಾರೆ’ ಎಂದರೆ, ಅಲ್ಲಿಯವರೆಗೆ ಓದುಗರು ಅದನ್ನು ನಿಮ್ಮ ಮಾತೆಂದೇ ತಿಳಿದಿರುತ್ತಾರೆ. ‘ಲೇಖಕರ ಪ್ರಕಾರ’, ‘ಇಲ್ಲಿ ಅವರ ವಾದ ಇದು’ ಎಂದು ಮೊದಲೇ ಹೇಳಿ. ನಿಮ್ಮ ಮಾತು ಶುರುವಾಗುವಲ್ಲಿ ಹೊಸ ಪ್ಯಾರಾ ಮಾಡಿ.

ಸಿಗುವಂತೆ ಇಡುವುದು

ಹುಡುಕಿದಾಗ ಸಿಗದ ಟಿಪ್ಪಣಿಗೆ ಪಟ್ಟ ಶ್ರಮವೆಲ್ಲ ವ್ಯರ್ಥ. ದಪ್ಪ ನೋಟ್‌ಬುಕ್ಕಿನಲ್ಲಿ ಬರೆಯುವವರಿಗೆ ಇಂಗ್ಲಿಷ್ ತತ್ತ್ವಜ್ಞಾನಿ ಜಾನ್ ಲಾಕ್ 1686ರಲ್ಲಿ ಪ್ರಕಟಿಸಿದ ಕ್ರಮ ಇಂದಿಗೂ ಸೊಗಸಾಗಿ ಕೆಲಸ ಮಾಡುತ್ತದೆ. ವಿಷಯದ ಹೆಸರಿನ ಮೊದಲ ಅಕ್ಷರವನ್ನೂ ಅದರ ನಂತರ ಬರುವ ಮೊದಲ ಸ್ವರವನ್ನೂ ಹಿಡಿದು ಅವನು ನೂರು ಮನೆಗಳ ಸೂಚಿ ಮಾಡಿಕೊಂಡ. ಹೊಸ ವಿಷಯ ಬಂದಾಗ ಮುಂದಿನ ಖಾಲಿ ಪುಟದಲ್ಲಿ ಬರೆದು, ಆ ಪುಟದ ಸಂಖ್ಯೆಯನ್ನು ಸೂಚಿಯಲ್ಲಿ ಅದರ ಮನೆಗೆ ಸೇರಿಸುವುದು, ಅಷ್ಟೇ. ಯಾವ ವಿಷಯಕ್ಕೆ ಎಷ್ಟು ಪುಟ ಬೇಕು ಎಂದು ಮೊದಲೇ ಊಹಿಸಿ ಖಾಲಿ ಬಿಡುವ ಕಷ್ಟವಿಲ್ಲ. ಕನ್ನಡದಲ್ಲಿ ಇದು ಇನ್ನೂ ಸಲೀಸು, ಏಕೆಂದರೆ ವ್ಯಂಜನ ಮತ್ತು ಸ್ವರ ಗುಣಿತಾಕ್ಷರದಲ್ಲಿ ಸೇರಿಕೊಂಡೇ ಇವೆ. ‘ನೆನಪು’ ನೆ ಎಂಬ ಮನೆಗೆ, ‘ನಿಯಮ’ ನಿ ಎಂಬ ಮನೆಗೆ. ಹೆಚ್ಚು ಬಳಕೆಯ ಕ, ಗ, ಚ, ಜ, ತ, ದ, ನ, ಪ, ಬ, ಮ, ವ, ಸ, ಹಗಳಿಗೆ ಪೂರ್ತಿ ಕಾಗುಣಿತದ ಸಾಲು ಕೊಟ್ಟು, ಅಪರೂಪದವಕ್ಕೆ ಒಂದೊಂದೇ ಮನೆ ಇಟ್ಟರೆ ಎರಡು ಪುಟದಲ್ಲಿ ಸೂಚಿ ಹಿಡಿಸುತ್ತದೆ.

ಬಿಡಿ ಚೀಟಿಗಳನ್ನು ಇಷ್ಟಪಡುವವರಿಗೆ ಜರ್ಮನಿಯ ಸಮಾಜಶಾಸ್ತ್ರಜ್ಞ ನಿಕ್ಲಾಸ್ ಲೂಮನ್ ಮಾದರಿ. ಅವನು ದಶಕಗಳ ಕಾಲ ಬೆಳೆಸಿದ ಪೆಟ್ಟಿಗೆಗಳಲ್ಲಿ ಸುಮಾರು 90,000 ಚೀಟಿಗಳಿದ್ದವು. ಒಂದು ಚೀಟಿಗೆ ಒಂದೇ ವಿಚಾರ. ಎ6 ಅಳತೆ, ಅಂದರೆ 105 ಮಿ.ಮೀ.ಗೆ 148 ಮಿ.ಮೀ., ಸಾಕಾಗುತ್ತದೆ. ಪ್ರತಿ ಚೀಟಿಗೂ ಒಂದು ಸಂಖ್ಯೆ. 21ನೇ ಚೀಟಿಯ ವಿಚಾರ ಮುಂದುವರಿದರೆ 21ಅ, ಅದರಿಂದ ಇನ್ನೊಂದು ಕವಲೊಡೆದರೆ 21ಅ1. ಹೀಗೆ ಮಾಡಿದರೆ ಎಷ್ಟು ವರ್ಷದ ನಂತರವಾದರೂ ನಡುವೆ ಹೊಸ ಚೀಟಿ ಸೇರಿಸಬಹುದು. ಹಿಂಬದಿ ಖಾಲಿ ಬಿಡಿ. ಹರಡಿಕೊಂಡು ನೋಡುವಾಗ ಹಿಂದೆ ಏನಿದೆ ಎಂದು ತಿರುಗಿಸುತ್ತ ಕೂರಬೇಕಾಗುವುದಿಲ್ಲ.

ಯಾವ ಕ್ರಮವಾದರೂ ತಲೆಬರಹದಲ್ಲಿ ಎಡವುವವರು ಬಹಳ. ‘ಇತಿಹಾಸ’, ‘ಭಾಷೆ’ ಎಂಬ ತಲೆಬರಹದಡಿ ನೂರಾರು ಟಿಪ್ಪಣಿ ಸೇರಿ ಏನೂ ಸಿಗದಂತಾಗುತ್ತದೆ. ತಲೆಬರಹ ಪ್ರಶ್ನೆಯಾಗಿರಲಿ ಅಥವಾ ಹೇಳಿಕೆಯಾಗಿರಲಿ: ‘ಹಸ್ತಪ್ರತಿಯ ನಕಲುಗಾರರು ಯಾವ ತಪ್ಪುಗಳನ್ನು ಉದ್ದೇಶಪೂರ್ವಕ ಮಾಡುತ್ತಿದ್ದರು?’ ಕಂಪ್ಯೂಟರಿನಲ್ಲಿ ಇಡುವವರು ಸಾದಾ ಪಠ್ಯದ ಕಡತದಲ್ಲಿ, ಯೂನಿಕೋಡ್‌ನಲ್ಲಿ, ವರ್ಷ-ತಿಂಗಳು-ದಿನ ಕ್ರಮದ ಹೆಸರಿನೊಂದಿಗೆ ಇಡಲಿ, ಕಡತಗಳು ತಾವಾಗಿ ಕಾಲಾನುಕ್ರಮದಲ್ಲಿ ನಿಲ್ಲುತ್ತವೆ. ಒಂದು ಪ್ರತಿ ಬೇರೆ ಜಾಗದಲ್ಲಿರಲಿ.

ಲೇಖನಕ್ಕೆ ಕೂರುವಾಗ

ಪುಸ್ತಕ ಮುಗಿದ ದಿನವೇ ಲೇಖನ ಬರೆಯಬೇಡಿ. ಮುಗಿಸಿದ ಸಂತೋಷವೋ ಕೊನೆಯ ಅಧ್ಯಾಯದ ಬಿಸಿಯೋ ಉಳಿದದ್ದನ್ನೆಲ್ಲ ಮುಚ್ಚಿಬಿಡುತ್ತದೆ. ಮೂರರಿಂದ ಏಳು ದಿನ ಬಿಟ್ಟು, ಟಿಪ್ಪಣಿಗಳನ್ನಷ್ಟೇ ಒಮ್ಮೆ ಓದಿ, ಒಂದು ಪ್ರಶ್ನೆ ಆರಿಸಿ. ಲೇಖನ ಆ ಪ್ರಶ್ನೆಯ ಬೆನ್ನು ಹಿಡಿದು ಹೋಗಬೇಕು, ಪುಸ್ತಕದ ಅಧ್ಯಾಯಗಳ ಬೆನ್ನು ಹಿಡಿದಲ್ಲ. 800 ಪದದ ಬರಹವಾದರೆ ಸಾರಾಂಶಕ್ಕೆ 150ರಿಂದ 200 ಪದ, ಅದಕ್ಕಿಂತ ಹೆಚ್ಚಿಲ್ಲ. ಉಳಿದದ್ದರಲ್ಲಿ ಅರ್ಧವಾದರೂ ಒಂದೇ ಒಂದು ಭಾಗದ ನಿಕಟ ಓದಿಗೆ ಮೀಸಲಿರಲಿ: ಉದ್ಧರಣೆ, ಅದು ಬರುವ ಸಂದರ್ಭ, ಅದರ ಹಿಂದಿರುವ ಊಹೆ, ಅದು ಎಲ್ಲಿ ನಿಲ್ಲುವುದಿಲ್ಲ ಅಥವಾ ಎಷ್ಟು ದೂರ ಕರೆದೊಯ್ಯುತ್ತದೆ.

ಸಾರಾಂಶ ಚಿಕ್ಕದಾಗಿರಬೇಕು ಎಂದರೆ ಅಸಡ್ಡೆಯಿಂದ ಬರೆಯಬಹುದು ಎಂದಲ್ಲ. 9ನೇ ಶತಮಾನದಲ್ಲಿ ಕಾನ್‌ಸ್ಟಾಂಟಿನೋಪಲ್‌ನ ಧರ್ಮಾಧ್ಯಕ್ಷನಾಗಿದ್ದ ಫೋಟಿಯಸ್ ತಾನು ಓದಿದ ಪುಸ್ತಕಗಳ ಬಗ್ಗೆ ತನ್ನ ಸಹೋದರ ತಾರಾಸಿಯಸ್‌ಗಾಗಿ ಸುಮಾರು 280 ಬರಹಗಳನ್ನು ಬರೆದ. ಕೆಲವು ನಾಲ್ಕೇ ಸಾಲು, ಕೆಲವು ಹತ್ತಾರು ಪುಟ. ಏನು ಓದಿದೆ, ಯಾರದು, ಅದರಲ್ಲಿ ಏನಿದೆ, ಶೈಲಿ ಹೇಗಿದೆ ಎಂದು ಹೇಳುತ್ತ ಹೋಗುತ್ತಾನೆ. ಅವನು ಓದಿದವುಗಳಲ್ಲಿ ಹಲವು ಈಗ ಇಲ್ಲ. ಪ್ರಾಚೀನ ಗ್ರೀಕ್ ಲೇಖಕ ಕ್ಟೀಸಿಯಸ್ ಬರೆದ ಪರ್ಷಿಯಾದ ಚರಿತ್ರೆಯಲ್ಲಿ ಏನಿತ್ತೆಂದು ತಿಳಿಯಲು ವಿದ್ವಾಂಸರು ಇಂದಿಗೂ ಬಹುಮಟ್ಟಿಗೆ ಫೋಟಿಯಸ್‌ನ ಸಾರಾಂಶವನ್ನೇ ನೆಚ್ಚಬೇಕಾಗಿದೆ. ನಿಮ್ಮ 150 ಪದಗಳನ್ನು ಓದುವ ಹೆಚ್ಚಿನವರೂ ಆ ಪುಸ್ತಕವನ್ನು ಎಂದೂ ತೆರೆಯುವುದಿಲ್ಲ. ಲೇಖಕರು ಆ ಸಾರಾಂಶವನ್ನು ಓದಿ ‘ಹೌದು, ನಾನು ಹೇಳಿದ್ದು ಇದೇ’ ಎನ್ನುವಂತಿರಬೇಕು.

ಒಪ್ಪದಿರುವಾಗ ಈ ಮಾತು ಇನ್ನೂ ಬಿಗಿಯಾಗಿ ಅನ್ವಯಿಸುತ್ತದೆ. ನಿಮ್ಮ ಆಕ್ಷೇಪ ಬರೆಯುವ ಮೊದಲು ಲೇಖಕರ ವಾದವನ್ನು ಅದರ ಅತ್ಯಂತ ಬಲವಾದ ರೂಪದಲ್ಲಿ ಬರೆಯಿರಿ. ನಂತರ ಪದಸೂಚಿ, ಅಡಿಟಿಪ್ಪಣಿಗಳಲ್ಲಿ ಹುಡುಕಿ, ಈ ಆಕ್ಷೇಪಕ್ಕೆ ಅವರೇ ಎಲ್ಲಾದರೂ ಉತ್ತರ ಕೊಟ್ಟಿರುವುದುಂಟು. ಕೊಟ್ಟಿದ್ದರೆ ನಿಮ್ಮ ಆಕ್ಷೇಪ ಆ ಉತ್ತರದ ಬಗ್ಗೆ ಇರಬೇಕು. ಲೇಖಕರು ಬರೆಯಲು ಹೊರಡದ ಪುಸ್ತಕ ಬರೆದಿಲ್ಲವೆಂದು ದೂರುವುದು ಸಲ್ಲದು. ಒಂದು ಶತಮಾನದ ಬಗ್ಗೆ ಎಂದು ಪೀಠಿಕೆಯಲ್ಲೇ ಹೇಳಿದವರನ್ನು ಮುಂದಿನ ಶತಮಾನ ಬಿಟ್ಟಿದ್ದಾರೆ ಎನ್ನುವಂತಿಲ್ಲ; ಬಿಟ್ಟದ್ದರಿಂದ ಅವರ ತೀರ್ಮಾನವೇ ಕೆಡುತ್ತದೆ ಎಂದು ತೋರಿಸಿದರೆ ಮಾತ್ರ ಅದು ಟೀಕೆ.

ವಿಶೇಷಣಗಳನ್ನು ಕೊನೆಯ ಕರಡಿನಲ್ಲಿ ಒಂದೊಂದಾಗಿ ಪರೀಕ್ಷಿಸಿ. ‘ಅದ್ಭುತ’, ‘ಒಳನೋಟವುಳ್ಳ’, ‘ಮಹತ್ವದ’ ಎಂಬವುಗಳ ಕೆಳಗೆ ಗೆರೆ ಎಳೆದು, ಪ್ರತಿಯೊಂದಕ್ಕೂ ಒಂದು ಪುಟಸಂಖ್ಯೆ ಕೇಳಿ. ಪುಟಸಂಖ್ಯೆ ಇದ್ದರೆ ವಿಶೇಷಣ ತೆಗೆದು ಆ ಪುಟದಲ್ಲಿರುವುದನ್ನು ಹೇಳಿ, ಇಲ್ಲದಿದ್ದರೆ ವಾಕ್ಯವನ್ನೇ ತೆಗೆಯಿರಿ. ಎಷ್ಟು ಓದಿದ್ದೀರಿ ಎಂಬುದನ್ನೂ ಮುಚ್ಚಿಡಬಾರದು. ಹನ್ನೆರಡರಲ್ಲಿ ಏಳು ಅಧ್ಯಾಯ ಓದಿ ಬಿಟ್ಟಿದ್ದರೆ ಹಾಗೆಂದೇ ಬರೆದು, ಬಿಟ್ಟ ಪುಟವನ್ನೂ ಕಾರಣವನ್ನೂ ಕೊಡಿ. ಅಂಥ ಬರಹಕ್ಕೂ ಬೆಲೆಯಿದೆ, ಆದರೆ ತೀರ್ಪು ಆ ಏಳು ಅಧ್ಯಾಯಗಳ ಗಡಿ ದಾಟಬಾರದು.

ಒಂದೇ ಲೇಖನದಲ್ಲಿ ಮೂರ್ನಾಲ್ಕು ಪುಸ್ತಕಗಳನ್ನು ತರುವುದಾದರೆ ಒಂದಾದ ಮೇಲೊಂದು ಸಾಲಾಗಿ ಇಡಬೇಡಿ. ಹಾಳೆಯ ಎಡಗಡೆ ಎರಡೋ ಮೂರೋ ಪ್ರಶ್ನೆ, ಮೇಲ್ಗಡೆ ಪುಸ್ತಕಗಳ ಹೆಸರು ಬರೆದು ಮನೆ ಎಳೆದು, ಪ್ರತಿ ಮನೆಗೆ ಒಂದು ವಾಕ್ಯ, ಒಂದು ಪುಟಸಂಖ್ಯೆ ತುಂಬಿ. ಖಾಲಿ ಉಳಿಯುವ ಮನೆಗಳ ಕಡೆ ನೋಡಿ. ಒಬ್ಬರು ವಿಸ್ತಾರವಾಗಿ ಚರ್ಚಿಸಿದ್ದನ್ನು ಇನ್ನೊಬ್ಬರು ಮುಟ್ಟದೆ ಹೋಗಿದ್ದರೆ ಅದಕ್ಕೆ ಕಾರಣ ಹುಡುಕುವುದೇ ಒಳ್ಳೆಯ ಲೇಖನವಾಗಬಹುದು.

ಮತ್ತೆ ತೆರೆದು ನೋಡುವುದು

ಹಳೆಯ ಟಿಪ್ಪಣಿಗಳನ್ನು ತಿಂಗಳಿಗೊಮ್ಮೆ ಅರ್ಧ ಗಂಟೆ ತಿರುವಿ ಹಾಕಿ. 17ನೇ ಶತಮಾನದ ಚೀನೀ ವಿದ್ವಾಂಸ ಗು ಯಾನ್ವು ಮೂವತ್ತಕ್ಕೂ ಹೆಚ್ಚು ವರ್ಷ ಓದಿನ ಟಿಪ್ಪಣಿಗಳನ್ನು ಕೂಡಿಸಿದವನು. ಹೊಳೆದದ್ದನ್ನು ಬರೆದಿಡುವುದು, ಸರಿಹೊಂದದ್ದನ್ನು ಮತ್ತೆ ಮತ್ತೆ ತಿದ್ದುವುದು, ತನಗಿಂತ ಮೊದಲೇ ಯಾರಾದರೂ ಅದನ್ನು ಹೇಳಿದ್ದು ಕಂಡರೆ ತನ್ನ ಟಿಪ್ಪಣಿಯನ್ನು ತೆಗೆದುಹಾಕುವುದು ಅವನ ಕ್ರಮವಾಗಿತ್ತು. ಪ್ರಕಟಿಸುವ ಬರಹದ ಮಟ್ಟಿಗೆ ಈ ಕಟ್ಟುನಿಟ್ಟು ಯೋಗ್ಯ. ನಿಮ್ಮ ಖಾಸಗಿ ಟಿಪ್ಪಣಿಯಲ್ಲಿ ಮಾತ್ರ ಅಳಿಸುವ ಬದಲು ಒಂದು ಗೆರೆ ಎಳೆದು, ‘ಇದನ್ನು ಇಂಥವರು ಮೊದಲೇ ಹೇಳಿದ್ದಾರೆ’ ಎಂದು ದಿನಾಂಕದೊಂದಿಗೆ ಬರೆಯುವುದು ಮೇಲು, ಇಲ್ಲದಿದ್ದರೆ ಅದೇ ಯೋಚನೆ ಎರಡು ವರ್ಷ ಬಿಟ್ಟು ಹೊಸದಾಗಿ ಹೊಳೆದಂತೆ ಬಂದು ನಿಲ್ಲುತ್ತದೆ.

ಎರಡನೆಯ ಸಲ ಓದಿದ ಪುಸ್ತಕಕ್ಕೆ ಬೇರೆ ಬಣ್ಣದಲ್ಲಿ ಗುರುತು ಹಾಕಿ, ಮೊದಲ ಓದಿನ ಗುರುತುಗಳನ್ನು ಅಳಿಸಬೇಡಿ. ಅಭಿಪ್ರಾಯ ಬದಲಾಗಿದ್ದರೆ ಬದಲಾದದ್ದು ಪುಸ್ತಕದ ಯಾವ ಭಾಗದ ಬಗ್ಗೆ, ಯಾವ ಹೊಸ ಓದಿನಿಂದ ಎಂದು ಬರೆಯಿರಿ. ಪ್ರಕಟವಾದ ನಿಮ್ಮ ಲೇಖನದಲ್ಲಿ ತಪ್ಪು ಕಂಡರೆ ಸದ್ದಿಲ್ಲದೆ ವಾಕ್ಯ ಬದಲಿಸುವುದು ಓದುಗರಿಗೆ ಮಾಡುವ ಅನ್ಯಾಯ. ಅದನ್ನು ಆಗಲೇ ಯಾರಾದರೂ ಉದ್ಧರಿಸಿರಬಹುದು. ತಿದ್ದುಪಡಿಯನ್ನು ಲೇಖನದ ಕೊನೆಯಲ್ಲಿ ಹಾಕದೆ ಮೊದಲಲ್ಲೇ ಹಾಕಿ, ಹಳೆಯ ವಾಕ್ಯ, ಹೊಸ ವಾಕ್ಯ, ಪುಟಸಂಖ್ಯೆ, ದಿನಾಂಕ ಈ ನಾಲ್ಕನ್ನೂ ಕೊಡಿ.